ಮಾರ್ಕ್ ಟ್ವೇನರ ಸಾಲದ ಲೆಕ್ಕ

ಇಲ್ಲಿಯ ಶಾಲೆಗಳಿಗೆ ಹೋಗುವ ನಮ್ಮ ಮಕ್ಕಳಿಗೆ ಟಾಮ್ ಸಾಯರ್, ಹಕಲ್‌ಬೆರಿ ಫಿನ್ ಇಬ್ಬರೂ ನೆರೆಮನೆಯ ಹುಡುಗರಷ್ಟೇ ಪರಿಚಿತರು. ಆದರೆ ಅವರನ್ನು ಸೃಷ್ಟಿಸಿದ ಮಾರ್ಕ್ ಟ್ವೇನರು ಒಂದು ಕಾಲಕ್ಕೆ ದಿವಾಳಿಯೆದ್ದು, ಅರವತ್ತರ ಅಂಚಿನಲ್ಲಿ ಹೆಂಡತಿ, ಮಗಳೊಡನೆ ಊರೂರು ಅಲೆದು ಸಾಲ ತೀರಿಸಿದ ಕಥೆ ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಬರುವುದಿಲ್ಲ. ಪರದೇಶದಲ್ಲಿ ಮನೆಸಾಲ, ಕಾರಿನ ಸಾಲಗಳ ನಡುವೆ ಬದುಕು ಕಟ್ಟಿಕೊಂಡಿರುವ ನಮಗೆ ಈ ಭಾಗವೇ ಹೆಚ್ಚು ಹತ್ತಿರವೆನಿಸಿತು.

ಟ್ವೇನರ ನಿಜನಾಮ ಸ್ಯಾಮ್ಯುಯೆಲ್ ಕ್ಲೆಮೆನ್ಸ್. 1835ರಲ್ಲಿ ಮಿಸೌರಿಯಲ್ಲಿ ಜನನ. ಹನ್ನೊಂದನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡರು. ಅಚ್ಚುಮೊಳೆ ಜೋಡಿಸಿದರು, ಮಿಸಿಸಿಪಿ ನದಿಯಲ್ಲಿ ಹಡಗು ನಡೆಸಿದರು, ಪತ್ರಿಕೆಗೆ ಬರೆದರು. 1870ರಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಿವಂತ ಕಲ್ಲಿದ್ದಲು ವ್ಯಾಪಾರಿಯ ಮಗಳು ಒಲಿವಿಯಾರನ್ನು ವರಿಸಿದರು. 1874ರಲ್ಲಿ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ದೊಡ್ಡ ಮನೆಯೆದ್ದಿತು. ಇಂದು ಅದು ವಸ್ತುಸಂಗ್ರಹಾಲಯ.

ಲೇಖಕರಾಗಿದ್ದರೆ ಸಾಲದು, ಪ್ರಕಾಶಕರ ಲಾಭವೂ ತಮಗೇ ಬರಲಿ ಎಂಬ ಆಸೆಯಿಂದ ಟ್ವೇನರು 1884ರಲ್ಲಿ ಚಾರ್ಲ್ಸ್ ವೆಬ್‌ಸ್ಟರ್ ಹೆಸರಿನಲ್ಲಿ ಪ್ರಕಾಶನ ಸಂಸ್ಥೆಯನ್ನು ತೆರೆದರು. ಮೊದಲು ಅದೃಷ್ಟ ಒಲಿಯಿತು. ಅದೇ ವರ್ಷ ಮಾಜಿ ಅಧ್ಯಕ್ಷ ಯುಲಿಸಿಸ್ ಗ್ರಾಂಟರು ಪಾಲುದಾರನ ಮೋಸದಿಂದ ಸರ್ವಸ್ವವನ್ನೂ ಕಳೆದುಕೊಂಡಿದ್ದರು. ಗಂಟಲಿನ ಕ್ಯಾನ್ಸರ್‌ನಿಂದ ನರಳುತ್ತಲೇ ಅವರು ಬರೆದ ಆತ್ಮಕಥೆಯನ್ನು ಈ ಸಂಸ್ಥೆ ಪ್ರಕಟಿಸಿತು. ಪುಸ್ತಕದ ಹಕ್ಕು ಸಾಲ ಕೊಟ್ಟವರ ಕೈಸೇರದಂತೆ ಅದನ್ನು ಪತ್ನಿ ಜೂಲಿಯಾರ ಹೆಸರಿಗೆ ಮಾಡಲಾಗಿತ್ತು. 1885ರ ಜುಲೈನಲ್ಲಿ ಗ್ರಾಂಟರು ತೀರಿಕೊಂಡ ಮೇಲೆ ಆ ವಿಧವೆಗೆ ಬಂದ ಗೌರವಧನ ನಾಲ್ಕು ಲಕ್ಷ ಡಾಲರ್ ಮೀರಿತು. ಸತ್ತವನ ಲೇಖನಿ ಸಂಸಾರವನ್ನು ಸಾಕಬಲ್ಲದು ಎಂಬುದನ್ನು ಟ್ವೇನರು ಹೀಗೆ ಕಣ್ಣಾರೆ ಕಂಡಿದ್ದರು.

ಆದರೂ ಅವರಿಗೆ ಯಂತ್ರದ ಹುಚ್ಚು. ಪೇಜ್ ಎಂಬಾತ ರೂಪಿಸುತ್ತಿದ್ದ ಅಚ್ಚುಮೊಳೆ ಜೋಡಿಸುವ ಯಂತ್ರಕ್ಕೆ ವರ್ಷಗಟ್ಟಲೆ ಹಣ ಸುರಿದರು. ಸುಮಾರು 18,000 ಬಿಡಿಭಾಗಗಳ ಆ ಯಂತ್ರ ಒಂದು ದಿನ ಓಡಿದರೆ ನಾಲ್ಕು ದಿನ ಕೆಡುತ್ತಿತ್ತು. ಅಷ್ಟರಲ್ಲಿ ಲೈನೋಟೈಪ್ ಬಂದು ಪತ್ರಿಕಾಲಯಗಳನ್ನು ಆಕ್ರಮಿಸಿತು. ಒಲಿವಿಯಾರ ತವರಿನ ಹಣವೂ ಕರಗಿತು. 1893ರ ಆರ್ಥಿಕ ಕುಸಿತ ಉಳಿದದ್ದನ್ನು ಮುಗಿಸಿತು. 1894ರ ಏಪ್ರಿಲ್ 18ರಂದು ಪ್ರಕಾಶನ ಸಂಸ್ಥೆ ಬಾಗಿಲು ಮುಚ್ಚಿತು. ಅದು ಪಾಲುದಾರಿಕೆ ಸಂಸ್ಥೆಯಾದ್ದರಿಂದ ಸಾಲದ ಹೊಣೆ ಸ್ವತಃ ಟ್ವೇನರ ಮೇಲೆಯೇ ಬಿತ್ತು.

ಇಲ್ಲಿ ಒಂದು ತೊಡಕಿತ್ತು. ಅಮೆರಿಕದ 1867ರ ದಿವಾಳಿ ಕಾನೂನು 1878ರಲ್ಲೇ ರದ್ದಾಗಿತ್ತು, ಹೊಸದು ಬಂದದ್ದು 1898ರಲ್ಲಿ. ನಡುವಿನ ಆ ಇಪ್ಪತ್ತು ವರ್ಷ ದಿವಾಳಿಯಾದವನನ್ನು ಇಡೀ ದೇಶಕ್ಕೆ ಅನ್ವಯಿಸುವಂತೆ ಸಾಲಮುಕ್ತನೆಂದು ಸಾರುವ ಕಾನೂನೇ ಇರಲಿಲ್ಲ. ರಾಜ್ಯದ ಕಟ್ಟಳೆಯಂತೆ ಆಸ್ತಿಯನ್ನು ಒಪ್ಪಿಸಿ, ಸಾಲ ಕೊಟ್ಟವರೊಡನೆ ರಾಜಿಯಾಗಬೇಕಿತ್ತು. ಟ್ವೇನರ ಬಳಿ ಉಳಿದಿದ್ದ ಆಸ್ತಿಯಾದರೂ ಏನು? ಹಾರ್ಟ್‌ಫರ್ಡ್ ಮನೆ ಮತ್ತು ಪುಸ್ತಕಗಳ ಗ್ರಂಥಸ್ವಾಮ್ಯ. ಸಾಲ ಕೊಟ್ಟವರು ಎರಡನ್ನೂ ಕೇಳಿದರು.

ಆಗ ಆಪದ್ಬಾಂಧವರಂತೆ ನಿಂತವರು ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಹೆನ್ರಿ ರಾಜರ್ಸ್. ವ್ಯವಹಾರದಲ್ಲಿ ನಿಷ್ಠುರರೆಂದು ಹೆಸರಾದ ಈ ಧನಿಕರು ಸ್ನೇಹಕ್ಕೆ ಮಾತ್ರ ಬಲು ಮೃದು. ಸಂಸ್ಥೆ ಬೀಳುವ ಮೊದಲೇ ಅವರು ಗ್ರಂಥಸ್ವಾಮ್ಯವನ್ನು ಒಲಿವಿಯಾರ ಹೆಸರಿಗೆ ವರ್ಗಾಯಿಸಿದ್ದರು. ಸಂಸ್ಥೆಗೆ ಆಕೆಯೇ ಸುಮಾರು 60,000 ಡಾಲರ್ ಕೊಟ್ಟಿದ್ದಾರೆ, ಆದ್ದರಿಂದ ಮೊದಲ ಹಕ್ಕು ಆಕೆಯದು ಎಂಬುದು ಅವರ ವಾದ. ಮನೆಯನ್ನೂ ಬಿಟ್ಟುಕೊಡಲು ಒಲಿವಿಯಾ ಸಿದ್ಧರಿದ್ದರು, ರಾಜರ್ಸ್ ಒಪ್ಪಲಿಲ್ಲ.

ಇಂದಿನ ಅಮೆರಿಕದಲ್ಲಿ ಈ ಉಪಾಯ ಅಷ್ಟು ಸುಲಭವಾಗಿ ನಡೆಯಲಾರದು. ಚಾಪ್ಟರ್ 7ರ ದಿವಾಳಿಯಲ್ಲಿ, ಅರ್ಜಿ ಹಾಕುವ ಮೊದಲೇ ಬರೆದು ಮುಗಿಸಿದ ಪುಸ್ತಕದ ಹಕ್ಕು ಸಾಮಾನ್ಯವಾಗಿ ಆಸ್ತಿಯ ಪಟ್ಟಿಗೆ ಸೇರುತ್ತದೆ, ಮುಂದೆ ಬರುವ ಅದರ ರಾಯಲ್ಟಿಯೂ ಅದರ ಹಿಂದೆಯೇ ಹೋಗುತ್ತದೆ. ಅರ್ಜಿಯ ನಂತರ ಹೊಸದಾಗಿ ದುಡಿದ ಸಂಪಾದನೆ ಮಾತ್ರ ಲೇಖಕನದು. ಚಾಪ್ಟರ್ 13 ಆದರೆ ಮೂರರಿಂದ ಐದು ವರ್ಷದ ಆದಾಯದಿಂದಲೇ ಕಂತು ಕಟ್ಟಬೇಕು. ಸಾಲದ ಕತ್ತಿ ತೂಗುತ್ತಿರುವಾಗ ಹೆಂಡತಿಯ ಹೆಸರಿಗೆ ಆಸ್ತಿ ಬರೆದರೆ ನ್ಯಾಯಾಲಯ ಅದನ್ನು ಕೆದಕಿ ನೋಡುತ್ತದೆ. ಎರಡು ವರ್ಷದೊಳಗಿನ ಅಂಥ ವರ್ಗಾವಣೆ ವಂಚನೆಯೆಂದು ಕಂಡರೆ ರದ್ದಾಗಬಹುದು. ಸಾಲ ಕೊಟ್ಟವರಿಗೆ ರಾಜರ್ಸ್ ಮಾಡಿದ್ದು ಪೂರ್ತಿ ನ್ಯಾಯವೆಂದು ನಾವು ಹೇಳಲಾರೆವು. ಆದರೆ ಅಂದು ಹಕ್ಕು ಹರಾಜಿಗೆ ಹೋಗಿದ್ದರೆ ಪುಡಿಗಾಸಿಗೆ ಬಿಕರಿಯಾಗುತ್ತಿತ್ತು, ಉಳಿದ ಸಾಲ ಉಳಿದೇ ಇರುತ್ತಿತ್ತು ಎಂಬುದೂ ನಿಜ.

ಡಾಲರಿಗೆ ಐವತ್ತು ಸೆಂಟು ಕೊಟ್ಟು ಕೈತೊಳೆದುಕೊಳ್ಳುವ ದಾರಿ ಟ್ವೇನರಿಗೆ ತೆರೆದಿತ್ತು. ಪೂರ್ತಿ ತೀರಿಸಲೇಬೇಕೆಂದು ಪಟ್ಟು ಹಿಡಿದವರಲ್ಲಿ ಒಲಿವಿಯಾ ಮೊದಲಿಗರು. 1895ರ ಜುಲೈನಲ್ಲಿ ಉಪನ್ಯಾಸ ಪ್ರವಾಸ ಆರಂಭವಾಯಿತು. ಕ್ಲೀವ್‌ಲ್ಯಾಂಡ್‌ನಿಂದ ಪಶ್ಚಿಮ ಕರಾವಳಿ, ಅಲ್ಲಿಂದ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಿಲೋನ್. 1896ರ ಜನವರಿಯಲ್ಲಿ ಮುಂಬಯಿಗೆ ಬಂದಿಳಿದರು. ಕೆಮ್ಮಿನಿಂದ ಹಾಸಿಗೆ ಹಿಡಿದರೂ ಎದ್ದು ಹೋಗಿ ಸಭಿಕರನ್ನು ನಗಿಸಿದರು. ಕಾಶಿ, ಕಲ್ಕತ್ತ, ಡಾರ್ಜಿಲಿಂಗ್, ಲಾಹೋರ್ ಎಲ್ಲವನ್ನೂ ಕಂಡರು. ನಮ್ಮ ಮೈಸೂರು ಸೀಮೆಯ ಕಡೆಗೆ ಮಾತ್ರ ಅವರ ದಾರಿ ಹೊರಳಲಿಲ್ಲ. ದಕ್ಷಿಣ ಆಫ್ರಿಕಾದ ಸಭೆಗಳನ್ನು ಮುಗಿಸಿ ಜುಲೈ ಕೊನೆಗೆ ಇಂಗ್ಲೆಂಡ್ ಸೇರಿದರು.

ಒಲಿವಿಯಾ ಮತ್ತು ನಡುವಿನ ಮಗಳು ಕ್ಲಾರಾ ಜೊತೆಯಲ್ಲಿದ್ದರು. ಹಿರಿಯ ಮಗಳು ಸೂಸಿ, ಕಿರಿಯವಳು ಜೀನ್ ಅಮೆರಿಕದಲ್ಲೇ ಉಳಿದಿದ್ದರು. ಎಲ್ಲರೂ ಒಂದೆಡೆ ಸೇರುವ ಸಿದ್ಧತೆ ನಡೆದಿದ್ದಾಗಲೇ ಸೂಸಿಗೆ ಮೆದುಳುಪೊರೆಯ ಜ್ವರ ತಗುಲಿತು. ತಾಯಿ, ತಂಗಿ ಹಡಗು ಹತ್ತಿದ್ದರು, ನಡುಗಡಲಿನಲ್ಲಿದ್ದರು. ತಂದೆ ಇಂಗ್ಲೆಂಡಿನಲ್ಲಿ ಒಬ್ಬರೇ. ಆಗಸ್ಟ್ 18ರಂದು ಹಾರ್ಟ್‌ಫರ್ಡ್‌ನ ಅದೇ ಮನೆಯಲ್ಲಿ, ಸಾಲ ಕೊಟ್ಟವರಿಂದ ಉಳಿಸಿಕೊಂಡ ಆ ಮನೆಯಲ್ಲಿ, 24ರ ಹುಡುಗಿ ಕಣ್ಣುಮುಚ್ಚಿದಳು. ಊರಿನಿಂದ ಇಂಥ ಸುದ್ದಿ ಬಂದಾಗ ಸಾವಿರಾರು ಮೈಲಿ ದೂರದಲ್ಲಿ ನಿಂತ ಅನುಭವ ನಮ್ಮಲ್ಲಿ ಹಲವರಿಗೆ ಉಂಟು.

ದುಃಖದಲ್ಲೇ ಟ್ವೇನರು ಪ್ರವಾಸದ ಪುಸ್ತಕವನ್ನು ಬರೆದರು. ಅದು 1897ರಲ್ಲಿ ಹೊರಬಂತು. ಉಪನ್ಯಾಸದ ಹಣ, ಪುಸ್ತಕದ ಹಣ ಎಲ್ಲವನ್ನೂ ರಾಜರ್ಸ್ ಜೋಪಾನವಾಗಿ ಬೆಳೆಸಿದರು. 1898ರ ಆರಂಭಕ್ಕೆ ಸಾಲವೆಲ್ಲ ಡಾಲರಿಗೆ ನೂರು ಸೆಂಟಿನಂತೆ ತೀರಿತು. ಕುಟುಂಬ ಮತ್ತೆ ಹಾರ್ಟ್‌ಫರ್ಡ್ ಮನೆಯಲ್ಲಿ ಬಾಳಲಿಲ್ಲ. 1903ರಲ್ಲಿ ಅದನ್ನು ಮಾರಿದರು. ಅದೇ ವರ್ಷ ಹಾರ್ಪರ್ ಪ್ರಕಾಶನದವರು ಆ ಪುಸ್ತಕಗಳಿಗಾಗಿ ವರ್ಷಕ್ಕೆ ಕನಿಷ್ಠ 25,000 ಡಾಲರ್ ಕೊಡುವ ಒಪ್ಪಂದಕ್ಕೆ ಸಹಿ ಹಾಕಿದರು. ಒಲಿವಿಯಾ ಆ ನೆಮ್ಮದಿಯನ್ನು ಬಹಳ ದಿನ ಕಾಣಲಿಲ್ಲ. 1904ರ ಜೂನ್‌ನಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ತೀರಿಕೊಂಡರು.