ಪಂಪ್ ಕೋವಿಯ ಹಿಂದಿನ ಮನುಷ್ಯ: ಆಗ್ಡೆನ್‌ನ ಜಾನ್ ಬ್ರೌನಿಂಗ್

ಅಮೆರಿಕದಲ್ಲಿ ಕೌಬಾಯ್ ಶೂಟಿಂಗ್ ಎಂಬ ಸ್ಪರ್ಧೆಯೊಂದಿದೆ. ಅಗಲ ಅಂಚಿನ ಟೋಪಿ, ಉದ್ದನೆಯ ಬೂಟು ತೊಟ್ಟು, ತಮಗೆ ತಾವೇ ಒಂದು ಅಡ್ಡಹೆಸರು ಇಟ್ಟುಕೊಂಡು ಬರುವ ಜನ ಎರಡು ರಿವಾಲ್ವರ್, ಒಂದು ರೈಫಲ್, ಒಂದು ಚರೆ ಕೋವಿಯಿಂದ ಉಕ್ಕಿನ ಗುರಿಗಳನ್ನು ಹೊಡೆಯುತ್ತಾರೆ. ಎಷ್ಟು ಬೇಗ ಮುಗಿಸಿದರು ಎಂಬುದೇ ಲೆಕ್ಕ. ತಪ್ಪಿದ ಪ್ರತಿ ಗುರಿಗೂ 5 ಸೆಕೆಂಡು ಸೇರುತ್ತದೆ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಈ ಆಟದ ಮುಖ್ಯ ಕಟ್ಟಳೆ ಏನೆಂದರೆ, ಕೋವಿಗಳು 19ನೇ ಶತಮಾನದ ಮಾದರಿಯವೇ ಆಗಿರಬೇಕು. ಹಾಗಾಗಿ ನೂರಕ್ಕೂ ಹೆಚ್ಚು ವರ್ಷ ಹಳೆಯ ಕೋವಿ ಇಲ್ಲವೇ ಅದರ ನಕಲನ್ನು ಹುಡುಕುವುದು ಆಟಗಾರರ ಮೊದಲ ಕೆಲಸ. ನಡುವೆ ತೋಟಾ ಸಿಕ್ಕಿಕೊಂಡರೆ ಎಷ್ಟು ಒಳ್ಳೆಯ ಗುರಿಕಾರನಾದರೂ ಸೋತಂತೆಯೇ.

ಮಲೆನಾಡು, ಕೊಡಗು, ಕಾಸರಗೋಡಿನ ಕಡೆ ಜೋಡಿ ನಳಿಗೆ ಕೋವಿ ನೋಡಿದವರಿಗೆ ಗೊತ್ತು, ಎರಡು ಈಡು ಮುಗಿದರೆ ಕೋವಿಯನ್ನು ಮುರಿದು ಮತ್ತೆ ತೋಟಾ ತುಂಬಬೇಕು. ಪಂಪ್ ಕೋವಿಯಲ್ಲಿ ಆ ತೊಂದರೆಯಿಲ್ಲ. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ಸಾಲಾಗಿ ಕೂತಿರುತ್ತವೆ. ಎಡಗೈ ಹಿಡಿದ ಮರದ ಹಿಡಿಯನ್ನು ಹಿಂದಕ್ಕೆ ಎಳೆದರೆ ಖಾಲಿ ತೋಟಾ ಹೊರಕ್ಕೆ ಬಿದ್ದು ಕುದುರೆ ಏಳುತ್ತದೆ, ಮುಂದಕ್ಕೆ ತಳ್ಳಿದರೆ ಹೊಸ ತೋಟಾ ನಳಿಗೆ ಸೇರುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದಷ್ಟೇ ಸುಲಭ.

ಈ ಆಟಕ್ಕೆ ಪಂಪ್ ರೈಫಲ್ ಬೇಕೆಂದವರ ಮುಂದೆ ಸಾಮಾನ್ಯವಾಗಿ ಬರುವ ಹೆಸರು ಕೋಲ್ಟ್ ಕಂಪನಿಯ ಲೈಟ್ನಿಂಗ್. ವಿಲಿಯಂ ಎಲಿಯಟ್ ರೂಪಿಸಿದ ಇದು 1884ರಲ್ಲಿ ಮಾರುಕಟ್ಟೆಗೆ ಬಂತು. ನೋಡಲು ಚೆಂದ, ಓಟವೂ ಚುರುಕು. ಆದರೆ ಒಳಗಿನ ಬಿಡಿಭಾಗಗಳು ಸೂಕ್ಷ್ಮ, ಹಿಡಿಯನ್ನು ಅರ್ಧ ಎಳೆದು ಬಿಟ್ಟರೆ ಸಿಕ್ಕಿಕೊಳ್ಳುವ ಗುಣವೂ ಅದಕ್ಕುಂಟು. ಇತ್ತ ಪಂಪ್ ಚರೆ ಕೋವಿ ಎಂದರೆ ಈ ಆಟದಲ್ಲಿ ವಿಂಚೆಸ್ಟರ್ 1897. ಅದನ್ನು ರೂಪಿಸಿದವನು ಜಾನ್ ಮೋಸೆಸ್ ಬ್ರೌನಿಂಗ್.

ಬ್ರೌನಿಂಗ್ ಹುಟ್ಟಿದ್ದು 1855ರ ಜನವರಿ 23ರಂದು, ಯೂಟಾ ಸೀಮೆಯ ಆಗ್ಡೆನ್ ಎಂಬ ಚಿಕ್ಕ ಊರಿನಲ್ಲಿ. ತಂದೆ ಜೊನಾಥನ್ ಕೋವಿ ಕಮ್ಮಾರ. ಮಾರ್ಮನ್ ಪಂಥದವರೊಂದಿಗೆ ಬಂಡಿ ಕಟ್ಟಿಕೊಂಡು ಪಶ್ಚಿಮಕ್ಕೆ ವಲಸೆ ಬಂದವನು. ಮೂವರು ಹೆಂಡಿರು, 22 ಮಕ್ಕಳ ದೊಡ್ಡ ಸಂಸಾರ. ಹುಡುಗ ಜಾನ್ ಬೆಳೆದದ್ದು ತಿದಿ, ಅರ, ಕಬ್ಬಿಣದ ಚೂರುಗಳ ನಡುವೆ. ಹತ್ತು ವರ್ಷದ ಆಸುಪಾಸಿನಲ್ಲೇ ಅಂಗಡಿಯ ಗುಜರಿ ಕೂಡಿಸಿ ಒಂದು ಕೋವಿ ಕಟ್ಟಿ, ತಮ್ಮ ಮ್ಯಾಟ್‌ನೊಂದಿಗೆ ಬೇಟೆಗೆ ಹೋದನಂತೆ. ದೊಡ್ಡ ಶಾಲೆಯ ಓದು ಇರಲಿಲ್ಲ. ಕೊನೆಯವರೆಗೂ ನಕ್ಷೆ ಬರೆಯುವುದಕ್ಕಿಂತ ತಲೆಯಲ್ಲೇ ಯೋಚಿಸಿ ನೇರವಾಗಿ ಉಕ್ಕನ್ನು ಅರದಿಂದ ತಿದ್ದುವುದೇ ಆತನ ರೂಢಿ.

1879ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಜಾನ್ ರೂಪಿಸಿದ ಒಂದೇ ಈಡಿನ ರೈಫಲ್ಲಿಗೆ ಪೇಟೆಂಟ್ ಸಿಕ್ಕಿತು. ಅಣ್ಣತಮ್ಮಂದಿರು ಸೇರಿ ಆಗ್ಡೆನ್‌ನಲ್ಲೇ ಪುಟ್ಟ ಕಾರ್ಖಾನೆ ಹಾಕಿ ಅದನ್ನು ಮಾಡತೊಡಗಿದರು. ಒಂದು ರೈಫಲ್ ಕೈ ಬದಲಾಗುತ್ತಾ ವಿಂಚೆಸ್ಟರ್ ಕಂಪನಿಯ ಕಣ್ಣಿಗೆ ಬಿತ್ತು. 1883ರಲ್ಲಿ ಕಂಪನಿಯ ದೊಡ್ಡ ಅಧಿಕಾರಿ ಟಿ. ಜಿ. ಬೆನೆಟ್ ರೈಲು ಹತ್ತಿ ಆಗ್ಡೆನ್‌ಗೇ ಬಂದ. 8 ಸಾವಿರ ಡಾಲರಿಗೆ ವ್ಯಾಪಾರ ಕುದುರಿತು. ಬ್ರೌನಿಂಗ್‌ಗೆ ಆಗ 28 ವರ್ಷ.

ಮುಂದಿನ ಸುಮಾರು 20 ವರ್ಷ ಆತ ಕೋವಿ ಮಾಡುವುದು, ವಿಂಚೆಸ್ಟರ್ ಕೊಳ್ಳುವುದು ನಡೆಯಿತು. ಚರೆ ಕೋವಿಗೆ ಪಂಪ್ ವಿಧಾನವೇ ಸರಿ ಎಂಬುದು ಬ್ರೌನಿಂಗ್ ಅಭಿಪ್ರಾಯ. ಆದರೆ ಲಿವರ್ ರೈಫಲ್ಲಿನಿಂದಲೇ ಹೆಸರು ಮಾಡಿದ್ದ ಕಂಪನಿಗೆ ಲಿವರೇ ಬೇಕಿತ್ತು. ಕೇಳಿದ್ದನ್ನು ಮಾಡಿಕೊಟ್ಟ, ಅದೇ 1887ರ ಮಾದರಿ. ಅದೇ ವರ್ಷ ಪಂಥದ ಪ್ರಚಾರ ಸೇವೆಗೆಂದು ಎರಡು ವರ್ಷ ಜಾರ್ಜಿಯಾಕ್ಕೆ ಹೋದ. ಅಲ್ಲಿ ಮಾಸಿದ ಬಟ್ಟೆಯಲ್ಲಿ ತಿರುಗುತ್ತಿದ್ದಾಗ ಅಂಗಡಿಯ ಗಾಜಿನ ಹಿಂದೆ ತನ್ನದೇ ಹೊಸ ಕೋವಿ ಕಂಡನಂತೆ. ಇದನ್ನು ಮಾಡಿದವನು ಈತನೇ ಎಂದರೆ ಅಂಗಡಿಯವನು ನಂಬಲಿಲ್ಲ ಎಂದು ಮನೆಯವರು ಹೇಳುತ್ತಿದ್ದ ಕಥೆಯಿದೆ.

ಪಂಪ್ ಆಸೆ ಕೈಗೂಡಿದ್ದು 1890ರ ಮಾದರಿಯಲ್ಲಿ. .22 ಗಾತ್ರದ ಸಣ್ಣ ರೈಫಲ್. ಮೊದಲು ಕಳಿಸಿದ ನಕ್ಷೆ ನೋಡಿ ಇದು ನಡೆಯುವ ಕೆಲಸವಲ್ಲ ಎಂದು ಕಂಪನಿಯ ಎಂಜಿನಿಯರುಗಳು ತಳ್ಳಿಹಾಕಿದರಂತೆ. ಬ್ರೌನಿಂಗ್ ಸೋದರರು ವಾದಕ್ಕೆ ಹೋಗದೆ ರೈಫಲ್ಲನ್ನೇ ಮಾಡಿ ಕಳಿಸಿದರು. ಮುಂದೆ ಅದು ಲಕ್ಷಗಟ್ಟಲೆ ಮಾರಾಟವಾಗಿ, ಜಾತ್ರೆ ಸಂತೆಗಳ ಗುರಿ ಹೊಡೆಯುವ ಅಂಗಡಿಗಳ ಕಾಯಂ ಸಾಮಾನಾಯಿತು. ಕೌಬಾಯ್ ಪಂದ್ಯದ ಮುಖ್ಯ ವಿಭಾಗಕ್ಕೆ ಮಾತ್ರ ಇದು ಸಲ್ಲದು, ಅಲ್ಲಿ ರಿವಾಲ್ವರ್ ಗಾತ್ರದ ದೊಡ್ಡ ತೋಟಾ ಹಾರಿಸುವ ರೈಫಲ್ಲೇ ಬೇಕು. ಅದಕ್ಕೂ ಬ್ರೌನಿಂಗ್‌ನದೇ ಲಿವರ್ ರೈಫಲ್ ಇದೆ, 1892ರ ಮಾದರಿ. ಕಂಪನಿಗೆ ಅವಸರವಿತ್ತು, 30 ದಿನದಲ್ಲಿ ಕೊಡದಿದ್ದರೆ ದುಡ್ಡೇ ಬೇಡ ಎಂದು ಒಪ್ಪಿಕೊಂಡು ಎರಡೇ ವಾರದಲ್ಲಿ ಮುಗಿಸಿದನೆಂದು ಹೇಳುತ್ತಾರೆ.

ಪಂಪ್ ಚರೆ ಕೋವಿ ಮೊದಲು ಬಂದದ್ದು 1893ರಲ್ಲಿ. ಅದು ಕರಿಮದ್ದಿನ ಕಾಲಕ್ಕೆ ಮಾಡಿದ್ದು. ಆಗಷ್ಟೇ ಬರುತ್ತಿದ್ದ ಹೊಗೆಯಿಲ್ಲದ ಮದ್ದಿನ ಒತ್ತಡಕ್ಕೆ ಅದರ ಮೈ ಸಾಲದಾಯಿತು. ಬ್ರೌನಿಂಗ್ ಚೌಕಟ್ಟನ್ನು ಗಟ್ಟಿ ಮಾಡಿ, ಉದ್ದದ ತೋಟಾ ಹಿಡಿಸುವಂತೆ ತಿದ್ದಿದ. ಅದೇ 1897ರ ಮಾದರಿ. ಹಳೆಯದನ್ನು ಕೊಟ್ಟು ಹೊಸದು ಒಯ್ಯಿರಿ ಎಂದು ಕಂಪನಿಯೇ ಹೇಳಿತು. ಇಂದಿಗೂ ಅನುಭವಿ ಆಟಗಾರರು 1893 ಕಂಡರೆ ಗೋಡೆಗೆ ನೇತುಹಾಕಿ ಎನ್ನುತ್ತಾರೆ, ಹಾರಿಸಲು 1897 ಕೇಳುತ್ತಾರೆ. ಇದರಲ್ಲೂ ಒಂದು ಎಚ್ಚರ ಬೇಕು. ಕುದುರೆ ಎಳೆಯುವ ಬೆರಳನ್ನು ಒತ್ತಿ ಹಿಡಿದೇ ಪಂಪ್ ಮಾಡಿದರೆ ಹಿಡಿ ಮುಂದೆ ಹೋದೊಡನೆ ಈಡು ಹಾರುತ್ತದೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಅಮೆರಿಕದ ಸೈನಿಕರು ಇದನ್ನು ಬಳಸಿದಾಗ 1918ರಲ್ಲಿ ಜರ್ಮನಿ ಅಧಿಕೃತವಾಗಿ ಆಕ್ಷೇಪ ಎತ್ತಿತ್ತು.

ಇಷ್ಟೆಲ್ಲ ಮಾಡಿಕೊಟ್ಟರೂ ವಿಂಚೆಸ್ಟರ್ ಕೊಡುತ್ತಿದ್ದುದು ಇಡಿಗಂಟು. ಮಾರಿದ ಪ್ರತಿ ಕೋವಿಗೆ ಇಷ್ಟು ಎಂಬ ಪಾಲು ಇಲ್ಲ. ಕೊಂಡ ನಲವತ್ತಕ್ಕೂ ಹೆಚ್ಚು ಮಾದರಿಗಳಲ್ಲಿ ತಯಾರಿಕೆಗೆ ಇಳಿದದ್ದು ಹತ್ತು ಎಂಬ ಲೆಕ್ಕವಿದೆ. ಉಳಿದವು ಬೇರೆಯವರ ಕೈಗೆ ಹೋಗಬಾರದು ಎಂದೇ ಕಪಾಟು ಸೇರಿದವು. ತಾನೇ ತುಂಡುಗಂಟೆಯಿಲ್ಲದೆ ದುಡಿದು ಮಾಡಿದ್ದು ಕತ್ತಲೆಯಲ್ಲಿ ಕೊಳೆಯುವುದನ್ನು ಯಾವ ಕೆಲಸಗಾರ ಸಹಿಸಿಯಾನು? ತನ್ನಷ್ಟಕ್ಕೆ ತುಂಬಿಕೊಳ್ಳುವ ಚರೆ ಕೋವಿಯನ್ನು ಸಿದ್ಧಪಡಿಸಿದಾಗ ಬ್ರೌನಿಂಗ್ ಈ ಸಲ ಪಾಲು ಕೇಳಿದ. ಬೆನೆಟ್ ಒಪ್ಪಲಿಲ್ಲ. ಹಳೆಯ ಸ್ನೇಹ ಅಲ್ಲಿಗೆ ಮುರಿಯಿತು.

1902ರ ಜನವರಿ 8ರಂದು ಬ್ರೌನಿಂಗ್ ರೆಮಿಂಗ್ಟನ್ ಕಂಪನಿಯ ಬಾಗಿಲಲ್ಲಿ ಕೂತಿದ್ದ. ಒಳಗೆ ಕರೆ ಬರಲಿಲ್ಲ. ಅಧ್ಯಕ್ಷ ಮಾರ್ಸೆಲಸ್ ಹಾರ್ಟ್ಲಿ ಆ ಮಧ್ಯಾಹ್ನವೇ ಹೃದಯಾಘಾತದಿಂದ ತೀರಿಕೊಂಡಿದ್ದ. ಬ್ರೌನಿಂಗ್ ಮಾದರಿ ಕೋವಿಯನ್ನು ಹಿಡಿದು ಹಡಗು ಹತ್ತಿ ಬೆಲ್ಜಿಯಂಗೆ ಹೋದ. ಲಿಯೆಜ್ ಬಳಿಯ ಎಫ್‌ಎನ್ ಕಾರ್ಖಾನೆ ಆತನ ಪಿಸ್ತೂಲನ್ನು ಆಗಲೇ ತಯಾರಿಸುತ್ತಿತ್ತು. ಅವರು ಕೂಡಲೇ ಒಪ್ಪಿದರು.

ಆಮೇಲಿನದು ಹೆಚ್ಚಿನವರಿಗೆ ಗೊತ್ತಿರುವ ಬ್ರೌನಿಂಗ್. ಅಮೆರಿಕದ ಸೈನ್ಯ 1985ರವರೆಗೆ ಇಟ್ಟುಕೊಂಡ 1911ರ ಪಿಸ್ತೂಲು, ಮೊದಲ ಮಹಾಯುದ್ಧದ ಮಷೀನ್‌ಗನ್ನು, ಒಟ್ಟು 128 ಪೇಟೆಂಟು. ಯುದ್ಧಕಾಲದಲ್ಲಿ ಸರ್ಕಾರ ಕೊಟ್ಟ 7.5 ಲಕ್ಷ ಡಾಲರನ್ನು ಚೌಕಾಸಿ ಮಾಡದೆ ತೆಗೆದುಕೊಂಡ. ಪಾಲಿನ ಲೆಕ್ಕದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಬರಬೇಕಿತ್ತು. ಕಂಪನಿಯೊಡನೆ ಪಾಲಿಗಾಗಿ ಜಗಳವಾಡಿದವನು ಇಲ್ಲಿ ಸುಮ್ಮನಾದ. ಮಗ ವಾಲ್ ಆಗ ಫ್ರಾನ್ಸಿನ ರಣರಂಗದಲ್ಲಿದ್ದ.

1926ರ ನವೆಂಬರ್ 26ರಂದು, ಅಟ್ಲಾಂಟಿಕ್ ದಾಟಿದ 61ನೇ ಪ್ರಯಾಣದಲ್ಲಿ, ಲಿಯೆಜ್ ಕಾರ್ಖಾನೆಯಲ್ಲಿ ಮಗನ ಕೋಣೆಯಲ್ಲೇ ಬ್ರೌನಿಂಗ್ ಹೃದಯ ನಿಂತು ಸತ್ತ. ವಯಸ್ಸು 71. ಕೈಯಲ್ಲಿದ್ದ ಮೇಲೆ-ಕೆಳಗೆ ನಳಿಗೆಯ ಕೋವಿಯ ಕೆಲಸವನ್ನು ವಾಲ್ ಮುಂದುವರಿಸಿದ. ಪಿಸ್ತೂಲಿನ ಕೆಲಸವನ್ನು ಎಫ್‌ಎನ್‌ನ ಸೇವ್ ಎಂಬಾತ 1935ರಲ್ಲಿ ಮುಗಿಸಿದ. ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮ ಸೈನಿಕರ ಸೊಂಟ ಸೇರಿದ 9 ಎಂ.ಎಂ. ಪಿಸ್ತೂಲು ಅದೇ.

1897ರ ಕೋವಿ ಹತ್ತು ಲಕ್ಷಕ್ಕೂ ಹೆಚ್ಚು ತಯಾರಾಗಿ 1957ರಲ್ಲಿ ನಿಂತಿತು. ಆಮೇಲೆ ಚೀನಾದಲ್ಲಿ ನಕಲು ಮಾಡಿ ಅಮೆರಿಕಕ್ಕೆ ಕಳಿಸಿದರು. ಕೊಂಡವರಲ್ಲಿ ಕೌಬಾಯ್ ಟೋಪಿಯವರೂ ಇದ್ದರು.