ವಿಧಾನಸೌಧದ ರೂವಾರಿ ಶ್ರೀ ಕೆಂಗಲ್ ಹನುಮಂತಯ್ಯ

ಸರ್ಕಾರಿ ಕೆಲಸಗಳ ನಿಮಿತ್ತ ವಿಧಾನಸೌಧಕ್ಕೆ ಆಗಮಿಸುವ ಸಾರ್ವಜನಿಕರ ಮಾಹಿತಿಗಾಗಿ, ಅದರ ನಿರ್ಮಾಣಕ್ಕೆ ಕಾರಣರಾದ ಮಾನ್ಯರ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಶ್ರೀ ಕೆಂಗಲ್ ಹನುಮಂತಯ್ಯನವರು 1908ರ ಫೆಬ್ರವರಿ 14ರಂದು ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯ ರೈತ ಕುಟುಂಬದಲ್ಲಿ ಜನಿಸಿದರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪದವಿ, ಪುಣೆಯಲ್ಲಿ ಕಾನೂನು ವ್ಯಾಸಂಗ ಮುಗಿಸಿ ವಕೀಲರಾದರು. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆವಾಸ ಅನುಭವಿಸಿದರು. 1952ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು.

ವಿಧಾನಸೌಧಕ್ಕೆ 1951ರ ಜುಲೈ 13ರಂದೇ, ಶ್ರೀ ಕೆ.ಸಿ. ರೆಡ್ಡಿಯವರ ಅಧಿಕಾರಾವಧಿಯಲ್ಲಿ, ಪ್ರಧಾನಮಂತ್ರಿ ಶ್ರೀ ಜವಾಹರಲಾಲ್ ನೆಹರೂ ಅವರು ಶಂಕುಸ್ಥಾಪನೆ ನೆರವೇರಿಸಿದ್ದರು. ಆಗಿನ ನಕ್ಷೆ ಸರಳವಾದ ಕಚೇರಿ ಕಟ್ಟಡದ್ದು. ಹನುಮಂತಯ್ಯನವರು ಅದನ್ನು ಕೈಬಿಟ್ಟರು. ಬೆಂಗಳೂರಿಗೆ ಬಂದ ರಷ್ಯಾದ ಸಾಂಸ್ಕೃತಿಕ ನಿಯೋಗವೊಂದು ಇಲ್ಲಿನ ಪಾಶ್ಚಾತ್ಯ ಮಾದರಿಯ ಕಟ್ಟಡಗಳನ್ನು ಕಂಡು, ನಿಮಗೆ ನಿಮ್ಮದೇ ವಾಸ್ತುಶಿಲ್ಪವಿಲ್ಲವೇ ಎಂದು ವಿಚಾರಿಸಿದ್ದು ಅವರ ಮನಸ್ಸಿಗೆ ನಾಟಿತೆಂದು ಹೇಳಲಾಗುತ್ತದೆ. ಎದುರಿಗೇ ಬ್ರಿಟಿಷರ ಕಾಲದ ಕೆಂಪು ಬಣ್ಣದ ಅಠಾರಾ ಕಚೇರಿ ಇದ್ದುದನ್ನು ನೆನೆದರೆ ಈ ಮಾತು ನಂಬಲರ್ಹವೇ ಆಗಿದೆ.

ಮುಖ್ಯ ವಾಸ್ತುಶಿಲ್ಪಿ ಶ್ರೀ ಬಿ.ಆರ್. ಮಾಣಿಕ್ಯಂ ಅವರ ನೇತೃತ್ವದಲ್ಲಿ 700 ಅಡಿ ಉದ್ದ, 350 ಅಡಿ ಅಗಲದ ಹೊಸ ವಿನ್ಯಾಸ ಸಿದ್ಧವಾಯಿತು. ಸುತ್ತಮುತ್ತಲಿನ ಗಣಿಗಳ ಬೆಣಚುಕಲ್ಲನ್ನು ಶಿಲ್ಪಿಗಳು ಕೆತ್ತಿದರು. ಬಂದೀಖಾನೆಯ ಕೈದಿಗಳೂ ದುಡಿದರು. ಕಂಬ, ಬೋದಿಗೆ, ಕಪೋತಗಳು ದೇವಾಲಯ ಪರಂಪರೆಯವು. ಆದರೆ ಎರಡು ಶಾಸನಸಭೆಗಳು, ಸಚಿವರ ಕೊಠಡಿಗಳು, ಸಚಿವಾಲಯದ ಕಚೇರಿಗಳು ಒಂದೇ ಸೂರಿನಡಿ ಸೇರಬೇಕಾದ ಕಟ್ಟಡಕ್ಕೆ ಯಾವ ದೇವಾಲಯದಲ್ಲಿಯೂ ಮಾದರಿ ಇರಲಿಲ್ಲ. ನಡುವಿನ 60 ಅಡಿ ವ್ಯಾಸದ ಗುಮ್ಮಟವೂ ದ್ರಾವಿಡ ಶೈಲಿಯದಲ್ಲ. ಆದ್ದರಿಂದ ಇದನ್ನು ಹಳೆಯದರ ನಕಲು ಎನ್ನುವುದು ಸರಿಯಾಗಲಾರದು. ಪ್ರಜಾಪ್ರಭುತ್ವದ ಹೊಸ ಅಗತ್ಯಕ್ಕೆ ನಾಡಿನ ಕಲ್ಲುಕೆಲಸವನ್ನು ಹೊಂದಿಸಿದ ಪ್ರಯತ್ನವಿದು.

ವೆಚ್ಚವು ಮೊದಲ ಅಂದಾಜನ್ನು ಬಹಳವಾಗಿ ಮೀರಿ ಸುಮಾರು 1.8 ಕೋಟಿ ರೂಪಾಯಿ ಮುಟ್ಟಿತು. ಬಡ ರಾಜ್ಯಕ್ಕೆ ಇಂತಹ ಆಡಂಬರವೇಕೆಂಬ ಟೀಕೆ ಬಂದಿತು, ವಿಚಾರಣಾ ಸಮಿತಿಯೂ ನೇಮಕಗೊಂಡಿತು. ಸಾರ್ವಜನಿಕ ಹಣದ ವಿಷಯದಲ್ಲಿ ಆ ಪ್ರಶ್ನೆ ನ್ಯಾಯವಾದುದೇ. ಇದರೊಂದಿಗೆ ಕರ್ನಾಟಕದ ಏಕೀಕರಣವನ್ನು ಬೆಂಬಲಿಸಿದ್ದರಿಂದ ಸ್ವಪಕ್ಷದವರಲ್ಲಿಯೇ ಹಲವರ ವಿರೋಧ ಎದುರಿಸಬೇಕಾಯಿತು. 1956ರ ಆಗಸ್ಟ್‌ನಲ್ಲಿ ಅವರು ಅಧಿಕಾರ ತ್ಯಜಿಸಿದರು. ಏಕೀಕೃತ ರಾಜ್ಯದ ಶಾಸನಸಭೆ ಹೊಸ ಸೌಧದಲ್ಲಿ ಸೇರಿದಾಗ ಶ್ರೀ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದರು.

ಮುಂದೆ ಹನುಮಂತಯ್ಯನವರು ಕೇಂದ್ರದ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾಗಿಯೂ ರೈಲ್ವೆ ಸಚಿವರಾಗಿಯೂ ಸೇವೆ ಸಲ್ಲಿಸಿ, 1980ರ ಡಿಸೆಂಬರ್ 1ರಂದು ನಿಧನರಾದರು. ವಿಧಾನಸೌಧದ ಪಶ್ಚಿಮ ದ್ವಾರವನ್ನು ಅವರ ಹೆಸರಿನಿಂದಲೇ ಕರೆಯಲಾಗುತ್ತದೆ. ಅಲ್ಲಿ ಅವರ ಪ್ರತಿಮೆ ಇದೆ.