ಜೆಫರ್ಸನ್ನನ ನೆಲಮಾಳಿಗೆ ಮತ್ತು ಲೆಕ್ಕದ ಪುಸ್ತಕ

1985ರ ಡಿಸೆಂಬರಿನಲ್ಲಿ ಲಂಡನ್ನಿನ ಹರಾಜೊಂದರಲ್ಲಿ, 1787ರ ಬೋರ್ಡೊ ವೈನ್ ಎನ್ನಲಾದ ಒಂದೇ ಬಾಟಲಿ 1,05,000 ಪೌಂಡಿಗೆ ಮಾರಾಟವಾಯಿತು. ಅದು ಥಾಮಸ್ ಜೆಫರ್ಸನ್ನನದೆಂಬ ಪ್ರತೀತಿಯೇ ಆ ಬೆಲೆಗೆ ಕಾರಣ. ಆ ಪ್ರತೀತಿಯನ್ನು ತಜ್ಞರು ಮುಂದೆ ಬಲವಾಗಿ ಶಂಕಿಸಿದರು. ಕೊಂಡವರು ಬಾಟಲಿಯನ್ನು ಪ್ರಖರ ದೀಪದಡಿ ನೆಟ್ಟಗೆ ನಿಲ್ಲಿಸಿ ಪ್ರದರ್ಶಿಸಿದರು. ಬಿರಡೆ ಒಣಗಿ, ಕುಗ್ಗಿ, ಒಳಕ್ಕೆ ಜಾರಿಬಿತ್ತು. ವೈನನ್ನು ಕತ್ತಲಲ್ಲಿ, 12ರಿಂದ 14 ಡಿಗ್ರಿ ಸೆಲ್ಸಿಯಸ್‌ನ ಏರಿಳಿತವಿಲ್ಲದ ತಂಪಿನಲ್ಲಿ, ಬಿರಡೆ ತೇವವಾಗಿರುವಂತೆ ಅಡ್ಡ ಮಲಗಿಸಿ ಇಡಬೇಕೆಂಬ ಮೊದಲ ಪಾಠವೇ ಅಲ್ಲಿ ಮರೆತುಹೋಗಿತ್ತು.

ಜೆಫರ್ಸನ್ ಇಂಥ ಅಜಾಗರೂಕತೆಯ ಮನುಷ್ಯನಲ್ಲ. 1743ರಲ್ಲಿ ವರ್ಜೀನಿಯಾದಲ್ಲಿ ಜನಿಸಿದ ಆತ 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಮುಖ್ಯ ಕರ್ತೃ. 1784ರಿಂದ ಐದು ವರ್ಷ ಫ್ರಾನ್ಸಿನಲ್ಲಿ ರಾಜತಾಂತ್ರಿಕನಾಗಿದ್ದಾಗ, 1787ರಲ್ಲಿ ಅಲ್ಲಿನ ದ್ರಾಕ್ಷಿತೋಟಗಳನ್ನು ಸುತ್ತಿದ. ಪೀಪಾಯಿಯಲ್ಲಿ ಬರುವ ವೈನಿಗೆ ದಾರಿಯಲ್ಲಿ ಕಲಬೆರಕೆಯಾಗುವುದನ್ನರಿತು, ತೋಟದಲ್ಲೇ ಬಾಟಲಿಗೆ ತುಂಬಿ ಕಳಿಸುವಂತೆ ಆಗ್ರಹಿಸಿದ. ಮಾಂಟಿಚೆಲೊ ಬೆಟ್ಟದ ತನ್ನ ಮನೆಯಲ್ಲಿ ಊಟದ ಕೋಣೆಯ ಕೆಳಗೇ ವೈನಿನ ನೆಲಮಾಳಿಗೆ. ಅಲ್ಲಿಂದ ಬಾಟಲಿಗಳನ್ನು ಮೇಲೆತ್ತಲು ಅಗ್ಗಿಷ್ಟಿಕೆಯ ಇಕ್ಕೆಲಗಳಲ್ಲಿ ಸಣ್ಣ ಏರುಪೆಟ್ಟಿಗೆಗಳು.

ಸರಕಾರಿ ಲೆಕ್ಕಪತ್ರಗಳ ನಡುವೆ ಆಯುಷ್ಯ ಸವೆಸಿದ ನನಗೆ ಆ ನೆಲಮಾಳಿಗೆಗಿಂತ ಆತನ ಲೆಕ್ಕದ ಪುಸ್ತಕ ಹೆಚ್ಚು ಕುತೂಹಲಕರ. 1767ರಿಂದ ಸಾಯುವವರೆಗೆ ಪುಡಿಗಾಸಿನ ಖರ್ಚನ್ನೂ ಆತ ಬರೆದಿಟ್ಟ. ಆದರೆ ಒಟ್ಟು ಹಾಕಿ, ತನ್ನ ನಿಜಸ್ಥಿತಿಯೇನೆಂದು ನೋಡಿಕೊಳ್ಳುವುದನ್ನು ಮುಂದೂಡುತ್ತಲೇ ಬಂದ. ಅಧ್ಯಕ್ಷನಾಗಿದ್ದ 1801–1809ರ ಅವಧಿಯಲ್ಲಿ ವಾರ್ಷಿಕ ವೇತನ 25,000 ಡಾಲರ್. ಎಂಟು ವರ್ಷಗಳಲ್ಲಿ ವೈನಿಗೇ ವ್ಯಯಿಸಿದ್ದು 10,000 ಡಾಲರಿಗೂ ಅಧಿಕ. ವೈನೊಂದೇ ಆತನನ್ನು ಮುಳುಗಿಸಿತೆನ್ನುವುದು ಅನ್ಯಾಯ. ಮಾವನಿಂದ ಬಂದ ಸಾಲದ ಹೊರೆಯಿತ್ತು, ಕೃಷಿ ಆದಾಯದ ಕುಸಿತವಿತ್ತು. 1819ರ ಆರ್ಥಿಕ ಮುಗ್ಗಟ್ಟಿನಲ್ಲಿ, ಮಿತ್ರನಿಗಾಗಿ ಜಾಮೀನು ನಿಂತ 20,000 ಡಾಲರಿನ ಸಾಲವೂ ಕೊರಳಿಗೆ ಬಿತ್ತು. ಆದರೂ ಆದಾಯವನ್ನು ಮೀರಿದ ಆತಿಥ್ಯ ನಿಲ್ಲಲಿಲ್ಲ.

1826ರ ಜುಲೈ 4ರಂದು ಜೆಫರ್ಸನ್ ತೀರಿಕೊಂಡಾಗ ಸಾಲ 1,07,000 ಡಾಲರನ್ನು ದಾಟಿತ್ತು. ಅದನ್ನು ತೀರಿಸಿದವರು ಯಾರು? ಮನುಷ್ಯರೆಲ್ಲರೂ ಸಮಾನರೆಂದು ಘೋಷಿಸಿದ ಆತ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಹೊಂದಿದ್ದ. 1827ರ ಜನವರಿಯಲ್ಲಿ ಅವರಲ್ಲಿ 130 ಮಂದಿಯನ್ನು ಮನೆಯ ಸಾಮಾನುಗಳ ಜೊತೆ ಹರಾಜಿಗಿಟ್ಟರು. ಅಧ್ಯಕ್ಷರ ನಿವಾಸದಲ್ಲಿ ಫ್ರೆಂಚ್ ಪಾಕಶಾಸ್ತ್ರ ಕಲಿತು, ಆ ವೈನುಗಳಿಗೆ ಒಪ್ಪುವ ಅಡುಗೆ ಬಡಿಸಿದ ಎಡಿತ್ ಫಾಸೆಟ್ ಮತ್ತು ಆಕೆಯ ಮಕ್ಕಳೂ ಅದರಲ್ಲಿದ್ದರು. ಗಂಡ ಜೋ ಫಾಸೆಟ್‌ಗೆ ಉಯಿಲಿನಲ್ಲಿ ಬಿಡುಗಡೆ. ಹೆಂಡತಿ ಮಕ್ಕಳಿಗೆ ಹರಾಜುಕಟ್ಟೆ.

ಮಾಂಟಿಚೆಲೊದ ನೆಲಮಾಳಿಗೆಯನ್ನು ಪ್ರವಾಸಿಗರು ಇಂದಿಗೂ ಮೆಚ್ಚಿ ನೋಡುತ್ತಾರೆ. ಮೆಚ್ಚಬೇಕಾದ್ದೇ. ಆದರೆ ಅದರ ವೆಚ್ಚವನ್ನು ಕೊನೆಗೆ ಯಾರ ಖಾತೆಗೆ ಬರೆಯಲಾಯಿತು ಎಂಬುದನ್ನೂ ಜೊತೆಗೇ ಓದಬೇಕು.